ಬುಧವಾರ ಹನ್ನೊಂದು ಗಂಟೆಯ ಪ್ರಶ್ನೆ

ಸೋಮವಾರ ಸಂಜೆ 5.10ಕ್ಕೆ ವಿಶಾಲ ಠಾಣೆಗೆ ಬಂದಾಗ ಅವನ ಕೈಯಲ್ಲಿ ಕೌಟುಂಬಿಕ ನ್ಯಾಯಾಲಯದ ಆದೇಶದ ಪ್ರತಿಯಿತ್ತು. ಬೈರಿದೇವರಕೊಪ್ಪದವನು, ತಾರಿಹಾಳದ ಕಾರ್ಖಾನೆಯೊಂದರಲ್ಲಿ ಲೇಥ್ ಕೆಲಸ. ಹೆಂಡತಿ ತೀರಿಹೋಗಿ ಎರಡು ವರ್ಷವಾಗಿತ್ತು. ಏಳು ವರ್ಷದ ಮಗಳು ವಾಣಿಶ್ರೀಗಾಗಿ ಅವನಿಗೂ ಹೆಂಡತಿಯ ಅಕ್ಕ ನಾಗರತ್ನಾಳಿಗೂ ಮೊಕದ್ದಮೆ ನಡೆದಿತ್ತು. ತೀರ್ಪು ಬರುವವರೆಗೆ ಮಗು ತಂದೆಯ ಬಳಿ ಇರಬೇಕು, ಭಾನುವಾರ ಹಗಲು ಮಾತ್ರ ದೊಡ್ಡಮ್ಮನ ಬಳಿ ಎಂಬುದು ಮಧ್ಯಂತರ ಆದೇಶ.

“ಸಾಲಿ ವ್ಯಾನಿನ್ಯಾಗ ಬರ್ಲಿಲ್ರಿ. ನಾಗರತ್ನಾನ ಒಯ್ದಾಳ.”

“ನೀವು ಕಂಡೀರೇನು?” ಇನ್ಸ್‌ಪೆಕ್ಟರ್ ಶಿವಯೋಗೀಶ ಕೇಳಿದರು.

“ಇಲ್ರಿ. ಮತ್ಯಾರು ಒಯ್ತಾರ್ರಿ? ಬುಧವಾರ ಹನ್ನೊಂದಕ್ಕ ಜಡ್ಜ್ ಸಾಹೇಬ್ರು ಕೂಸಿನ್ನ ಕರದು, ಯಾರ ಕೂಡ ಇರ್ತಿ ಅಂತ ಕೇಳೋರದಾರ.”

“ಮನ್ಯಾಗ ಮತ್ಯಾರದಾರ?”

“ನಮ್ಮವ್ವ ಶರಣವ್ವ. ಅಕಿ ನಿನ್ನೇನ ಕುಂದಗೋಳಕ್ಕ ತಂಗಿ ಮನಿಗೆ ಹೋಗ್ಯಾಳ.”

5.40ಕ್ಕೆ ಎಫ್‌ಐಆರ್ ದಾಖಲಾಯಿತು. ಆರಕ್ಕೆ ಶಿವಯೋಗೀಶ ಹೆಡ್ ಕಾನ್‌ಸ್ಟೇಬಲ್ ಗುಲ್ಜಾರಬಿಯೊಂದಿಗೆ ಶಾಲೆಗೆ ಹೋದರು. ಕಾವಲುಗಾರ ರಸೂಲಸಾಬ ರಿಜಿಸ್ಟರ್ ತೆರೆದ. ಮಧ್ಯಾಹ್ನ 2.30, ವಾಣಿಶ್ರೀ, ಕರೆದೊಯ್ದವರು: ಅಜ್ಜಿ. ಪಕ್ಕದಲ್ಲಿ ಹೆಬ್ಬೆಟ್ಟಿನ ಗುರುತು.

“ಆ ಅಜ್ಜಿ ಕೋರ್ಟಿನ ಕಾಗದ ತೋರ್ಸಿದ್ಳ್ರಿ. ಕೂಸು ಓಡಿ ಹೋಗಿ ಸೊಂಟ ಹಿಡ್ಕೊಂತು,” ಎಂದ ರಸೂಲಸಾಬ.

ಅಜ್ಜಿಯೆಂದರೆ ನಾಗರತ್ನಾಳ ತಾಯಿಯೇ ಇರಬೇಕೆಂದುಕೊಂಡು ಅಲ್ಲಿಂದ ಅಮರಗೋಳದ ಅವಳ ಮನೆಗೆ ಹೋದರು. ಅವಳ ತಾಯಿ ಕಾಶೀಬಾಯಿ ಲಕ್ವ ಹೊಡೆದು ಎಂಟು ತಿಂಗಳಿಂದ ಮಂಚ ಬಿಟ್ಟು ಎದ್ದಿರಲಿಲ್ಲ. ಪಂಚರ ಎದುರು ಮನೆ ಶೋಧಿಸಿ ಪಂಚನಾಮೆ ಬರೆದರು. ಎರಡು ಫ್ರಾಕು ಸಿಕ್ಕವು, ಮಗು ಸಿಗಲಿಲ್ಲ.

“ಅಂವನ ಬಚ್ಚಿಟ್ಟಾನ್ರಿ,” ನಾಗರತ್ನಾ ಅಳುತ್ತಲೇ ಕೂಗಾಡಿದಳು. “ಕೂಸು ನನ್ನ ಹೆಸರು ಹೇಳ್ತೈತಂತ ಅಂವಗ ಹೆದರಿಕಿ.”

ಶಿವಯೋಗೀಶರಿಗೆ ದಿಕ್ಕು ತೋಚಲಿಲ್ಲ. ಇಬ್ಬರಲ್ಲಿ ಒಬ್ಬರು ಸುಳ್ಳು ಹೇಳುತ್ತಿರಬೇಕು. ಆದರೆ ಇಬ್ಬರ ಮುಖದಲ್ಲೂ ಇದ್ದದ್ದು ಒಂದೇ ಗಾಬರಿ.

ಜೀಪು ಹತ್ತುವಾಗ ಗುಲ್ಜಾರಬಿ ಕೇಳಿದಳು: “ಸರ್, ಯಾವ ಅಜ್ಜಿ ಅಂತ ನಾವು ಕೇಳಲೇ ಇಲ್ಲಲ್ರಿ?”

ವಿಶಾಲನ ಮೊಬೈಲಿನಿಂದ ಶರಣವ್ವಳ ಫೋಟೊ ತರಿಸಿ ರಸೂಲಸಾಬನಿಗೆ ಕಳಿಸಿದರು. ಅವಳೇ ಎಂದ. ಮಗು ಶರಣವ್ವಳ ತಂಗಿಯ ಮನೆಯಲ್ಲಿ ಕ್ಷೇಮವಾಗಿದೆಯೆಂದು ಕುಂದಗೋಳ ಪೊಲೀಸರು ಖಚಿತಪಡಿಸಿದರು. ವಿಶಾಲ ನಂಬಲಿಲ್ಲ.

“ನಮ್ಮವ್ವ ಯಾಕ ಒಯ್ತಾಳ್ರಿ? ಆದೇಶ ನಮ್ಮ ಕಡೇನ ಐತಲ್ಲ!”



ಮಂಗಳವಾರ ಬೆಳಿಗ್ಗೆ 7.20ಕ್ಕೆ ಪೊಲೀಸರು ಕುಂದಗೋಳ ತಲುಪಿದಾಗ ಶರಣವ್ವ ಮೊಮ್ಮಗಳಿಗೆ ಜಡೆ ಹಾಕುತ್ತಿದ್ದಳು. ಅರವತ್ತೆಂಟರ ಮುದುಕಿ ಓಡಲಿಲ್ಲ, ಅಳಲೂ ಇಲ್ಲ.

“ಕೂಸಿನ್ನ ಯಾಕ ತಂದ್ರಿ?” ಶಿವಯೋಗೀಶ ಕೇಳಿದರು.

“ಉಣ್ಣಾಕ ಕುಂತಾಗೆಲ್ಲ ನನ್ನ ಮಗ ‘ಅಪ್ಪನ ಕೂಡ ಇರ್ತೇನಿ ಅನ್ನು’ ಅಂತಾನ. ಐತವಾರ ನಾಗರತ್ನಾ ‘ದೊಡ್ಡವ್ವನ ಕೂಡ ಅನ್ನು’ ಅಂತಾಳ. ಶನಿವಾರ ಕೂಸು ನನ್ನ ಕೇಳ್ತು: ‘ಎರಡ್ರಾಗ ಖರೇ ಉತ್ತರ ಯಾವುದಬೇ? ತಪ್ಪಾದ್ರ ಹೊಡಿತಾರೇನು?’ ಅವತ್ತಿಂದ ಕೂಸು ಬಾಯಾಗ ತುತ್ತು ಇಟ್ಟಿಲ್ರಿ.”

“ಮಗನಿಗೆ ಹೇಳಬೇಕಿತ್ತು.”

“ಹೇಳಿದ್ನ್ರಿ. ‘ಸುಮ್ಕಿರಬೇ, ಕೇಸ್ ಗೆಲ್ಲೋದೈತಿ’ ಅಂದ.”

ಠಾಣೆಗೆ ಮರಳಿದಾಗ ವಿಶಾಲನೂ ನಾಗರತ್ನಾಳೂ ಬಾಗಿಲಲ್ಲೇ ನಿಂತಿದ್ದರು. ಇಬ್ಬರೂ ಒಟ್ಟಿಗೇ “ಬಾ ವಾಣಿ” ಎಂದರು. ಮಗು ಗುಲ್ಜಾರಬಿಯ ಬೆನ್ನ ಹಿಂದೆ ಸರಿಯಿತು.

“ಕೇಸ್ ವಾಪಸ್ ತಗೋತೇನ್ರಿ,” ಎಂದ ವಿಶಾಲ.

“ಎಫ್‌ಐಆರ್ ಆಗೇತಿ. ಕೋರ್ಟಿನ ಆದೇಶ ಮುರದೈತಿ. ನನ್ನ ಕೈಯಾಗ ಇಲ್ಲ,” ಎಂದರು ಶಿವಯೋಗೀಶ. ಹಾಗೆ ಹೇಳುವಾಗ ತಾವು ಯಾರಿಂದ ಯಾರನ್ನು ಕಾಪಾಡುತ್ತಿದ್ದೇವೆ ಎಂಬುದು ಅವರಿಗೇ ತಿಳಿಯಲಿಲ್ಲ.

9.35ಕ್ಕೆ ಶರಣವ್ವಳ ಬಂಧನವಾಯಿತು. ಬಂಧನದ ಸುದ್ದಿಯನ್ನು ಹತ್ತಿರದ ಸಂಬಂಧಿಗೆ ತಿಳಿಸಿ ಸಹಿ ಪಡೆಯಬೇಕು. ಹತ್ತಿರದ ಸಂಬಂಧಿ ದೂರುದಾರನೇ ಆಗಿದ್ದ. ವಿಶಾಲ ಸಹಿ ಹಾಕಿದ.

ಜಾಮೀನು ಅಂದೇ ಸಿಗುವ ಅಪರಾಧವದು. ಶಿವಯೋಗೀಶ ಠಾಣಾ ದಿನಚರಿಯಲ್ಲಿ ಬರೆದರು: “ಆರೋಪಿಗೆ ಮಗುವನ್ನು ಇಟ್ಟುಕೊಳ್ಳುವ ಉದ್ದೇಶವಿರಲಿಲ್ಲ. ಬುಧವಾರ ಅದನ್ನು ಯಾರೂ ಏನೂ ಕೇಳದಿರಲಿ ಎಂದಷ್ಟೇ ಆಕೆ ಬಯಸಿದ್ದಳು.”