ಮಡಿಪೆಟ್ಟಿಗೆ

ಪೆಟ್ಟಿಗೆ ಗುರ್ ಎಂದು ಗಂಟಲು ಸರಿಮಾಡಿಕೊಂಡು ಕೆಲಸಕ್ಕೆ ತೊಡಗಿತು. ಗಾಜಿನ ತೊಟ್ಟಿಯ ಉಪ್ಪುನೀರು ಒಂದು ಕೊಳವೆಯಲ್ಲಿ ಒಳಹೊಕ್ಕು ಇನ್ನೊಂದರಲ್ಲಿ ಹೊರಬರುವಷ್ಟರಲ್ಲಿ ಮೀನಿನ ಹೊಲಸು, ತಿಂದುಳಿದ ಚೂರು, ಅವು ಕೊಳೆತು ಹುಟ್ಟುವ ನೈಟ್ರೇಟು, ಫಾಸ್ಫೇಟು ಎಲ್ಲ ಮಾಯ. ಪರದೆಯ ಮೇಲೆ ಹಸಿರು ಸೊನ್ನೆ ಮೂಡಿತು.

"ನಿಮ್ಮ ನೀರು ಪರಿಶುದ್ಧವಾಗಿದೆ, ಧನ್ಯವಾದಗಳು" ಎಂದರು ಮನೆಯ ಯಜಮಾನ ಪುರಂದರ ಮೆಂಡನ್, ಪೆಟ್ಟಿಗೆ ಮಾತಾಡುವ ಹೆಣ್ಣುದನಿಯನ್ನು ಮೂಗಿನಲ್ಲೇ ಅಣಕಿಸಿ. ಒಂದು ಕಾಲಕ್ಕೆ ಮೀನುಗಾರಿಕೆ ಬೋಟು ನಡೆಸುವ ತಾಂಡೇಲರಾಗಿದ್ದವರು. ಬಲೆಗೆ ಏನೂ ಬೀಳದಂತಾದ ಮೇಲೆ ಮದುವೆ ಮನೆಗಳಲ್ಲಿ ಮಿಮಿಕ್ರಿ ಮಾಡುತ್ತಿದ್ದರು. "ಶಾಲೆಯಲ್ಲಿ ಸೊನ್ನೆ ತಂದದ್ದಕ್ಕೆ ಅಪ್ಪ ಬೆತ್ತ ಹಿಡಿದ್ರು. ಈಗ ಸೊನ್ನೆ ಬಂದ್ರೆ ಇಡೀ ಫ್ಲ್ಯಾಟಿಗೆ ಲಡ್ಡು ಹಂಚುದು."

ಡಾ. ಮೃಣಾಲಿನಿ ಬಾಯರಿ ನಗಲಿಲ್ಲ. ಪೆಟ್ಟಿಗೆ ಅವಳದೇ ಸೃಷ್ಟಿ. ಅದರೊಳಗಿದ್ದದ್ದು ಅವಳು ಪ್ರಯೋಗಾಲಯದಲ್ಲಿ ತಿದ್ದಿದ ಬ್ಯಾಕ್ಟೀರಿಯಾ: ಬೆಳಕನ್ನೇ ಉಂಡು ಬದುಕುವ, ನೈಟ್ರೇಟನ್ನು ಅನಿಲವಾಗಿಸಿ ಗಾಳಿಗೆ ಬಿಟ್ಟು ಫಾಸ್ಫೇಟನ್ನು ಮರಳಿನಂಥ ಕಾಳಾಗಿ ಕಟ್ಟಿಹಾಕುವ ತಳಿ. ನೇತ್ರಾಣಿ ದ್ವೀಪದ ಸುತ್ತಲಿನ ಹವಳ ಕಾದ ಕಡಲಿನಲ್ಲಿ ಬೆಂದು ಸತ್ತಾಗ, ಉಳಿದ ಚೂರುಗಳನ್ನು ವಿಜ್ಞಾನಿಗಳು ಸಾಕಲೆಂದು ಮಂಗಳೂರಿನ ಮನೆಗಳಿಗೆ ಹಂಚಿದ್ದರು. ಕಡಲು ತಣ್ಣಗಾದ ದಿನ ಮರಳಿ ನೆಡುವುದೆಂದು ಲೆಕ್ಕಾಚಾರ. ಆದರೆ ಮನೆಯ ತೊಟ್ಟಿಯಲ್ಲಿ ಕೊಳೆ ಹೆಚ್ಚಿ, ಪಾಚಿ ಕವಿದು, ಹವಳ ಉಸಿರುಗಟ್ಟುತ್ತಿತ್ತು. ಆಗ ಬಂದದ್ದು ಈ ಪೆಟ್ಟಿಗೆ. ಅವಳು ಅದಕ್ಕಿಟ್ಟ ಉದ್ದದ ಹೆಸರು ಯಾರ ನಾಲಗೆಗೂ ಹತ್ತಲಿಲ್ಲ. ಜನ ಮಡಿಪೆಟ್ಟಿಗೆ ಎಂದರು.

"ಡಾಕ್ಟ್ರೇ, ತಮಾಷೆ ಸಾಕು" ಎಂದು ಮೆಂಡನ್ ತೊಟ್ಟಿಯ ಮುಂದೆ ಕುಕ್ಕರಿಸಿದರು. "ಉಳಿದವರದ್ದೆಲ್ಲ ಸತ್ತಿತಂತಲ್ಲ? ಈ ಜಾತಿದು ಇನ್ನು ಇದೊಂದೇ ಅಂತೆ. ಇದೂ ಮೊನ್ನೆಯಿಂದ ಬಿಳಚಿಕೊಂಡಿದೆ, ಬಾಣಂತಿ ಹಾಗೆ. ನೀರು ಕೊಳಕುಂಟಾ?"

ಜಿಂಕೆಯ ಕೊಂಬಿನಂತೆ ಕವಲೊಡೆದ ಹವಳ. ಬುಡದಲ್ಲಿ ಮಾತ್ರ ಒಂದಿಷ್ಟು ಕಂದುಬಣ್ಣ ಉಳಿದಿತ್ತು.

"ಕೊಳಕಿಲ್ಲ ಮೆಂಡನ್ರೇ. ಅದೇ ತೊಂದರೆ. ಇದರ ಮೈಯೊಳಗೆ ಕಣ್ಣಿಗೆ ಕಾಣದ ಪಾಚಿ ಇರ್ತದೆ. ಬಣ್ಣ, ಊಟ ಎರಡೂ ಅದೇ ಕೊಡುದು. ಆ ಪಾಚಿಗೆ ಮೀನಿನ ಹೊಲಸೇ ಗೊಬ್ಬರ. ನಾನು ಒಂದು ಚಿಟಿಕೆಯೂ ಬಿಡ್ಲಿಲ್ಲ."

"ಅಂದ್ರೆ ಇದು ಬದುಕುದೇ ಎಂಜಲಲ್ಲಿ?"

"ಕಡಲಲ್ಲಿ ಎಲ್ಲರೂ ಹಾಗೆಯೇ."

ಉಂಡೆದ್ದ ಜಾಗವನ್ನು ಎರಡೆರಡು ಸಲ ಸಾರಿಸುವ, ಬಡಿಸುವ ಸೌಟು ಎಲೆಗೆ ತಾಗಿದರೆ ಪಾತ್ರೆಯನ್ನೇ ಚೆಲ್ಲುವ ಮನೆಯಲ್ಲಿ ಬೆಳೆದವಳು ಮೃಣಾಲಿನಿ. ಪೆಟ್ಟಿಗೆಯ ಪ್ರಯೋಗದ ದಿನಗಳಲ್ಲಿ ಸಹೋದ್ಯೋಗಿಯೊಬ್ಬ "ಸ್ವಲ್ಪ ಉಳಿಸೋಣವಾ?" ಎಂದು ಕೇಳಿದ್ದ. "ಸ್ವಲ್ಪ ಎಂಜಲು ಅಂತ ಉಂಟಾ? ಎಂಜಲು ಅಂದ್ರೆ ಎಂಜಲೇ" ಎಂದು ಅವಳು ನಕ್ಕು ಮಾತು ಮುಗಿಸಿದ್ದಳು. ವಿಜ್ಞಾನಿಯ ಬಾಯಿಂದ ಅಜ್ಜಿ ಆಡಿದ ಮಾತದು ಎಂದು ಅಂದು ಇಬ್ಬರಿಗೂ ಹೊಳೆಯಲಿಲ್ಲ.

"ಹಾಗಾದ್ರೆ ಸ್ವಿಚ್ ಬಂದ್ ಮಾಡುವ."

"ಸಾಲುದಿಲ್ಲ. ಬ್ಯಾಕ್ಟೀರಿಯಾ ಈಗ ಕಲ್ಲು, ಗಾಜು, ಮರಳು ಎಲ್ಲದರಲ್ಲೂ ಕೂತಿದೆ. ಹವಳದ ಮೈ ತೊಳೆದು ಹೊಸ ತೊಟ್ಟಿಗೆ ಹಾಕ್ಬೇಕು. ನೀರು ಮಾತ್ರ ಜೀವ ಇರುವ ಕಡಲಿಂದೇ ಆಗ್ಬೇಕು. ಇವತ್ತೇ."

ಮೆಂಡನ್ ಕ್ಯಾನುಗಳನ್ನು ಕಾರಿಗೆ ಹೇರಿದರು. ಇಬ್ಬರೂ ತಣ್ಣೀರುಬಾವಿ ಬೀಚಿಗೆ ಹೊರಟರು.

ದಂಡೆಯಲ್ಲಿ ಜನವೋ ಜನ. ಕಡಲು ಕನ್ನಡಿಯಂತೆ ತಿಳಿಯಾಗಿತ್ತು. ಮೃಣಾಲಿನಿ ಸೊಂಟದವರೆಗೆ ಇಳಿದರೂ ಕಾಲ್ಬೆರಳ ಉಗುರು ಕಾಣುತ್ತಿತ್ತು. ಗಾಜಿನ ನಳಿಕೆಯಲ್ಲಿ ನೀರು ತುಂಬಿ ಪರೀಕ್ಷೆಯ ಹನಿ ಬಿಟ್ಟಳು. ನೈಟ್ರೇಟು ಒಂದಿಷ್ಟಿದ್ದರೂ ಗುಲಾಬಿಯಾಗಬೇಕಿದ್ದ ನೀರು ಹಾಗೆಯೇ ಉಳಿಯಿತು. ಇನ್ನೊಮ್ಮೆ, ಮತ್ತೊಮ್ಮೆ ಬಿಟ್ಟಳು. ಬಣ್ಣ ಬರಲಿಲ್ಲ.

"ಮೆಂಡನ್ರೇ, ತೊಟ್ಟಿಯ ಹಳೇ ನೀರನ್ನು ಬ್ಯಾಕ್ಟೀರಿಯಾ ಸಾಯುವಷ್ಟು ಕುದಿಸಿ ಚೆಲ್ಬೇಕು ಅಂದಿದ್ದೆ. ಎಲ್ಲಿ ಚೆಲ್ತಿದ್ರಿ?"

"ಚೆಲ್ಲುದಾ?" ಮೆಂಡನರಿಗೆ ಬೇಸರವಾಯಿತು. "ಕಡಲಮ್ಮನ ನೀರನ್ನು ಕುದಿಸಿ ಚರಂಡಿಗೆ ಬಿಡ್ಲಿಕ್ಕೆ ಆಗ್ತದಾ ಡಾಕ್ಟ್ರೇ? ನೂಲ ಹುಣ್ಣಿಮೆಗೆ ನಾವು ಕಡಲಿಗೆ ಹಾಲು ಎರೆಯುದಿಲ್ವಾ, ಮೀನು ಕೊಡು ಅಂತ? ಹವಳ ಸಾಕುವವರೆಲ್ಲ ಅದರ ಜೊತೆಗೆ ತೊಟ್ಟಿಯ ನೀರನ್ನೂ ಎರೆದೆವು. ವರ್ಷವೂ. ಅವಳದ್ದು ಅವಳಿಗೆ. ಅದೂ ಶುದ್ಧ ಮಾಡಿ."

ಅವಳು ಸುತ್ತ ನೋಡಿದಳು. ಏಡಿಯ ಬಿಲವಿರಲಿಲ್ಲ, ಹಾರುವ ಕಡಲಕ್ಕಿಯಿರಲಿಲ್ಲ. ತೆರೆಯ ನೊರೆಗೂ ವಾಸನೆಯಿರಲಿಲ್ಲ. ಬೆಳಕುಂಡು ಬದುಕುವ ತನ್ನ ತಳಿಗೆ ಈ ಕಡಲಲ್ಲಿ ಹಬ್ಬಲು ಬಿಸಿಲಿನ ಬರವೇ?

ಮೆಂಡನ್ ಕ್ಯಾನಿನ ಮುಚ್ಚಳ ತೆರೆದು ಕಾಯುತ್ತಿದ್ದರು. "ತುಂಬಿಸುದಾ?"

ಅವಳು ಉತ್ತರಿಸುವ ಮೊದಲೇ ನಡುವಯಸ್ಸಿನ ಹೆಂಗಸೊಬ್ಬಳು ಗಂಡ ಮಕ್ಕಳೊಂದಿಗೆ ಹತ್ತಿರ ಬಂದಳು. "ಎಂಥ ಚಂದ ಅಲ್ವಾ ಮೇಡಂ? ನಾವು ಚಿಕ್ಕವರಿರುವಾಗ ಇಲ್ಲಿ ಬರೇ ಕೆಸರು ನೀರು. ಮೀನಿನ ವಾಸನೆಗೆ ನಾನು ಮೂಗು ಮುಚ್ಚಿಕೊಂಡೇ ಬರ್ತಿದ್ದೆ. ಯಾರೋ ಪುಣ್ಯಾತ್ಮರು ಕ್ಲೀನ್ ಮಾಡಿಸಿದ್ದಾರೆ. ನಮ್ಮದೊಂದು ಫೋಟೊ ತೆಗಿತೀರಾ? ಹಿಂದೆ ನೀರು ಕಾಣ್ಬೇಕು."

ಮೃಣಾಲಿನಿ ಒದ್ದೆ ಕೈ ಒರೆಸಿಕೊಂಡು ಫೋಟೊ ತೆಗೆದಳು. ನಗುತ್ತಿದ್ದ ನಾಲ್ಕು ಮುಖಗಳ ಹಿಂದೆ ಕಡಲ ತಳದ ಮರಳಿನ ಒಂದೊಂದು ಗೆರೆಯೂ ಸ್ಪಷ್ಟವಾಗಿ ಬಂದಿತ್ತು. ಮರೆಮಾಡಲು ನಡುವೆ ಏನೂ ಇರಲಿಲ್ಲ.