ಎಂಟು ಅಂಕದ ಸಿಟ್ಟು

“ಎಂಟು ಅಂಕ ಕಟ್ ಮಾಡಿದ್ರಾ? ಮೂರು ಕುರೀನೂ ದೊಡ್ಡಿಯೊಳಗೆ ಹೋದ್ವಲ್ಲ! ನಿಮಗೆ ಕಣ್ಣು ಕಾಣಲ್ವಾ?”

ಬಿಲಾಬರಿ ಊರಿನ ಮೈದಾನದ ನಡುವೆಯೇ ಬ್ರಾನ್ವಿನ್ ಕೂಗಾಡಿದಳು. ಅವಳ ನಾಯಿ ಟಗ್ ಕೂಡ ಬಾಲ ಮುದುರಿಕೊಂಡಿತು. ಕುರಿ ಅಟ್ಟುವ ನಾಯಿಗಳ ಪಂದ್ಯದ ತೀರ್ಪುಗಾರ ಲಾಕ್ಲನ್ ಮಾತ್ರ ಹಾಳೆಯಿಂದ ತಲೆ ಎತ್ತಲಿಲ್ಲ.

“ನಿಮ್ಮ ನಾಯಿ ಕುರಿಗಳನ್ನ ಹೆದರಿಸ್ತು. ಯಾರ ನಾಯಿಯಾದ್ರೂ ಎಂಟೇ. ನಾನು ನಿಷ್ಪಕ್ಷಪಾತಿ.”

ನಿಷ್ಪಕ್ಷಪಾತಿ! ಆ ಪದ ಕೇಳಿದರೇ ಅವಳಿಗೆ ಮೈ ಉರಿಯುತ್ತಿತ್ತು. ಮೂರು ವರ್ಷದಿಂದ ಅದೇ ಪದ... ಊರಿನ ಡ್ಯಾನ್ಸಿಗೆ ಅವಳೇ ಹೋಗಿ ಕರೆದಾಗಲೂ, “ತೀರ್ಪುಗಾರ ಸ್ಪರ್ಧಿ ಜೊತೆ ಕುಣಿಯಬಾರದು” ಎಂದು ಗೋಡೆ ಪಕ್ಕ ನಿಂತಿದ್ದ ಮಹಾನುಭಾವ! ಅವತ್ತು ಅವಳು ಅತ್ತದ್ದು ಟಗ್‌ಗೆ ಮಾತ್ರ ಗೊತ್ತು.

“ಸುಮ್ಮನೆ ಉದಾಸೀನ ಅನ್ನಿ! ಯಾರು ಗೆದ್ರೂ ಸೋತ್ರೂ ನಿಮಗೇನು?”

“ಉದಾಸೀನ ಅಂದ್ರೆ ಮನಸ್ಸಲ್ಲಿ ಯಾರೂ ಇಲ್ಲ ಅಂತ. ನಿಷ್ಪಕ್ಷಪಾತ ಅಂದ್ರೆ...” ಅವನು ಅರ್ಧಕ್ಕೇ ನಿಲ್ಲಿಸಿದ. “ಮುಂದಿನ ನಾಯೀನ ಕರೀರಿ.”

ಅಯ್ಯೋ, ಈ ಗಂಡಸರ ಬಾಯಿಗೆ ಬೀಗ ಹಾಕಿದವರು ಯಾರೋ!

ಹೇಗೋ ಅವಳು ಫೈನಲ್ ತಲುಪಿದಳು. ಮರುದಿನ ನೋಡಿದರೆ ಮೈದಾನದಲ್ಲಿ ಬೇರೆ ತೀರ್ಪುಗಾರ! ಚಹಾ ಗುಡಾರದಲ್ಲಿ ಕಾರ್ಯದರ್ಶಿ ಡಾಟ್ ಆಂಟಿ ಲ್ಯಾಮಿಂಗ್ಟನ್ ಕೇಕಿನ ತಟ್ಟೆ ಪಕ್ಕಕ್ಕಿಟ್ಟು ಒಂದು ಚೀಟಿ ಚಾಚಿದರು.

“ಲಾಕ್ಲನ್ ಬೆಳಿಗ್ಗೆ ಬ್ಯಾಡ್ಜ್ ಬಿಚ್ಚಿಟ್ಟು ಹೋದ ಕಣೇ. ನೀನೇ ಓದು.”

‘ಬ್ರಾನ್ವಿನ್ ವಿಷಯದಲ್ಲಿ ನಾನು ನಿಷ್ಪಕ್ಷಪಾತಿ ಅಲ್ಲ. ಇನ್ನು ತೀರ್ಪು ಕೊಡಲಾರೆ.’

ಅಂದರೆ ಇಷ್ಟು ವರ್ಷ ಬೇಕಂತಲೇ ಅಂಕ ಕತ್ತರಿಸಿದನೇ? ನನ್ನ ಮೇಲೆ ಅಷ್ಟು ದ್ವೇಷವೇ? ಅವಳು ಸೀದಾ ಕುರಿ ಬಿಡುವ ಗೇಟಿನ ಬಳಿ ಓಡಿದಳು. ಲಾಕ್ಲನ್ ಅಲ್ಲಿ ಧೂಳು ಮೆತ್ತಿಕೊಂಡು ಕುರಿಗಳನ್ನು ಬೇರ್ಪಡಿಸುತ್ತಿದ್ದ.

“ಅಷ್ಟು ಸಿಟ್ಟಿದ್ರೆ ಮುಖಕ್ಕೇ ಹೇಳಬೇಕಿತ್ತು!”

“ಸಿಟ್ಟಾ? ಯಾರಿಗೆ?”

“ಒಂದು ಕಡೆ ವಾಲಿದ್ದೀನಿ ಅಂತ ನೀವೇ ಬರೆದಿದ್ದೀರಲ್ಲ!”

“ವಾಲಿರೋದು ನಿನ್ನ ಕಡೆಗೆ, ಬ್ರಾನ್ವಿನ್.” ಅವನು ಮೊದಲ ಸಲ ಅವಳ ಕಣ್ಣನ್ನೇ ನೋಡಿದ. “ನೀನು ಗೆಲ್ಲಬೇಕು ಅಂತ ಪ್ರತಿ ಸಲ ಒಳಗೊಳಗೇ ಬೇಡ್ಕೊಂಡಿದ್ದೀನಿ. ಅದಕ್ಕೇ ನಿನ್ನ ಒಂದೊಂದು ಅಂಕಾನೂ ಮೂರು ಸಲ ತೂಗಿದೆ. ನಿನ್ನೆ ಆ ಎಂಟನ್ನ ನಾಲ್ಕು ಮಾಡಿಬಿಡೋಣ ಅನ್ನಿಸ್ತು... ಇನ್ನು ನನ್ನ ಕೈಲಿ ಆಗಲ್ಲ.”

ಅವಳಿಗೆ ಅಳುವೂ ನಗುವೂ ಒಟ್ಟಿಗೇ ಬಂದವು. ಮೂರು ವರ್ಷ ದಂಡ ಆಯಿತಲ್ಲ!

“ಹಾಗಾದ್ರೆ ಆ ಎಂಟು ಅಂಕ?”

“ಅದು ಹೋಗಲೇಬೇಕಿತ್ತು. ಟಗ್ ಹೆದರಿಸಿದ್ದು ನಿಜ.”

“ಪಾಪಿ!” ಅವನ ಧೂಳಿನ ಕೈಯನ್ನು ಅವಳು ಗಟ್ಟಿಯಾಗಿ ಹಿಡಿದಳು. “ಸಂಜೆ ಡ್ಯಾನ್ಸ್ ಇದೆ. ಬರ್ತೀಯಾ?”

“ಬರ್ತೀನಿ. ಗೋಡೆ ಪಕ್ಕ ನಿಲ್ಲಲ್ಲ.”