ಮಳೆ ಕರೆದ ಗಂಟಲು

"ನಗಾಡು, ಕುಣಿ, ಬೇಕಾದ್ರೆ ಅಂಗಿ ಬಿಚ್ಚಿ ಎಸಿ. ನನ್ನ ದನಿಯಲ್ಲಿ ಮಾತ್ರ ಮಳೆ ಕರೀಬೇಡ."

ತುಮಿರಾ ಮುದುಕಿ ಇದನ್ನು ಹೇಳುವಾಗ ವೇದಿಕೆಯ ಹಿಂದೆ ಕುಕ್ಕರಗಾಲಲ್ಲಿ ಕೂತು ಪೊರಕೆಕಡ್ಡಿಗೆ ಕೆಂಪು ಮೆಣಸಿನಕಾಯಿಯನ್ನೂ ಸಣ್ಣ ಈರುಳ್ಳಿಯನ್ನೂ ಪೋಣಿಸುತ್ತಿದ್ದಳು. ಮಳೆಗಾಲದಲ್ಲಿ ಕ್ಲಾತೆನ್ ಊರಲ್ಲಿ ಮದುವೆಯಾಗಲಿ, ಮೈದಾನದ ಸಂಗೀತವಾಗಲಿ, ಮೊದಲ ವೀಳ್ಯ ಅವಳಿಗೇ. ಅವಳು ಕಡ್ಡಿ ಚುಚ್ಚಿದರೆ ಮೋಡ ಪಕ್ಕದೂರಿಗೆ ಸರಿಯುತ್ತದೆ. ಕಿತ್ತು ಕರೆದರೆ ಹಿಂದಿರುಗುತ್ತದೆ. ಅಲ್ಲಿಯತನಕ ಅವಳಿಗೆ ಸ್ನಾನವಿಲ್ಲ, ಕುಡಿಯಲು ನೀರಿಲ್ಲ. ಲವಂಗದ ಸಿಗರೇಟು, ಹುಳಿಬೆವರು, ಕೊಳೆತ ವೀಳ್ಯದೆಲೆ: ಅವಳ ವಾಸನೆ ಅವಳಿಗಿಂತ ಒಂದು ಮಾರು ಮುಂದೆ ನಡೆಯುತ್ತಿತ್ತು.

ಬಾಗಸ್ ಜಕಾರ್ತದವನು, 'ಗ್ಲುದುಗ್' ತಂಡದ ಹೊಸ ಗಾಯಕ. ಗ್ಲುದುಗ್ ಎಂದರೆ ಜಾವಾದವರ ಬಾಯಲ್ಲಿ ಗುಡುಗು; ಆ ಹೆಸರು ಕೇಳಿದರೆ ದ್ವೀಪದ ಅರ್ಧ ಹುಡುಗರು ಕುಣಿಯುತ್ತಿದ್ದ ಕಾಲವದು. ಬಾಗಸ್‌ನ ಗಂಟಲಲ್ಲಿ ಅವನೊಬ್ಬನೇ ಇರಲಿಲ್ಲ. ಮಂತ್ರಿಗಳು, ಮೇಷ್ಟ್ರುಗಳು, ಬಸ್ ಕಂಡಕ್ಟರುಗಳು ಎಲ್ಲರೂ ಬಾಡಿಗೆಗಿದ್ದರು. ಯಾರ ದನಿಯನ್ನಾದರೂ ಒಮ್ಮೆ ಕೇಳಿದರೆ ಸಾಕು.

"ಯಾಕೆ ಎಂಬಾ?" ಎಂದ. ಅಲ್ಲಿ ಅಜ್ಜಿಯರನ್ನು ಕರೆಯುವುದು ಹಾಗೇ. "ನಮ್ಮ ಬೀದೀಲಿ ಮಳೆ ನಿಲ್ಸೋಕೆ ಚಡ್ಡಿನ ಚಾವಣಿ ಮೇಲೆ ಎಸೀತಾರೆ. ನಂದೊಂದು ಕೊಡ್ಲಾ? ಒಗೆದಿಲ್ಲ. ಮೋಡ ಮೂಗು ಮುಚ್ಕೊಂಡು ಓಡುತ್ತೆ."

ಡ್ರಮ್ ಬಾರಿಸುವ ವೆನಿಂಗ್ ಕಿಸಕ್ಕೆಂದಳು. ಅವಳ ಅಣ್ಣ ಸೊಜೊ ನಗಲಿಲ್ಲ. ತಂಡ ಕಟ್ಟಿದವನೂ ಗಿಟಾರ್ ನುಡಿಸುವವನೂ ಅವನೇ. "ಬಾಯಿ ಮುಚ್ಚೋ ಬಾಗಸ್. ನಮ್ಮಪ್ಪನೂ ಇವರನ್ನ ಎದುರು ಹಾಕ್ಕೊಂಡೋರಲ್ಲ."

ಮುದುಕಿ ತಲೆಯೆತ್ತಿದಳು. "ಕಡ್ಡಿ ಕೀಳೋ ಮೊದಲು ಕರೆದ್ರೆ ಮಳೆಗೆ ಬೀಳೋಕೆ ನೆಲ ಇರಲ್ಲ. ಕರೆದವನ ಗಂಟಲೇ ಬಾಗಿಲು. ತಾಳ ಹಾಕಿದವರ ಎದೆಯೇ ಕೆರೆ."

ಆಮೇಲೆ, ಯಾರೂ ಕೇಳದಿದ್ದರೂ, ಕಡ್ಡಿ ಇನ್ನೂ ಕೈಯಲ್ಲಿರುವಾಗಲೇ ಆ ಕರೆಯನ್ನು ಒಮ್ಮೆ ಹಾಡಿದಳು. "ಬಾರೇ ಕರಿಯಮ್ಮಾ, ಹೋದ ದಾರೀಲೇ ಬಾರೇ..." ಒಣಬಾವಿಗೆ ಕೊಡ ಬಿದ್ದು ಉಜ್ಜುತ್ತ ಇಳಿದಂಥ ದನಿ. ಹಾಡಿ ಮುಗಿಸಿ ಕಡ್ಡಿಯನ್ನು ನೆಲಕ್ಕೆ ಚುಚ್ಚಿದಳು.

ಸಂಜೆಯಾಯಿತು. ಮೆರಾಪಿ ಬೆಟ್ಟದ ಹೆಗಲ ಮೇಲೆ ಮೋಡವೊಂದು ಹಗ್ಗ ಬಿಗಿದ ಕೋಣನಂತೆ ನಿಂತೇ ಇತ್ತು. ಮೈದಾನದ ಮೇಲೆ ಮಾತ್ರ ಆಕಾಶ ಬೋಳು. ಮೂರನೆಯ ಹಾಡಿಗೆ ಸೊಜೊನ ಗಿಟಾರಿನ ತಂತಿ ಹರಿಯಿತು. ಅವನು ಬೇರೆ ತಂತಿ ಬಿಗಿಯತೊಡಗಿದ. ಜನ ಗುಜುಗುಟ್ಟಿದರು. ಖಾಲಿ ಮೈಕು ಕಂಡರೆ ಬಾಗಸ್‌ಗೆ ನಾಲಗೆ ತುರಿಸುತ್ತಿತ್ತು. ಬೆನ್ನು ಗೂನು ಮಾಡಿದ. ಸೊಂಟದ ಮೇಲೆ ಕೈಯಿಟ್ಟ.

"ಬಾರೇ ಕರಿಯಮ್ಮಾ, ಹೋದ ದಾರೀಲೇ ಬಾರೇ..."

ತದ್ರೂಪ ಅದೇ ದನಿ. ಮೈದಾನ ಘೊಳ್ಳೆಂದಿತು. ವೆನಿಂಗ್ ನಗುತ್ತ ಗುಡುಗಿನಂತೆ ಡ್ರಮ್ ಉರುಳಿಸಿದಳು. ಸೊಜೊ ತಂತಿ ಬಿಟ್ಟು ಕೂಗಿದ, "ವೆನಿಂಗ್, ನಿಲ್ಸೇ!"

ಮೈಕಿನಿಂದ ಹಸಿಮಣ್ಣಿನ ವಾಸನೆ ಬಂತು.

ಬಾಗಸ್ ತಲೆಯೆತ್ತಿದ. ಮೇಲೆ ಒಂದು ಹನಿಯಿಲ್ಲ. ಆದರೆ ಸ್ಪೀಕರುಗಳೊಳಗೆ ಮಳೆ. ಮೊದಲು ಪಟಪಟ. ಆಮೇಲೆ ಧೋ ಎಂದು. ಹಿಂದೆ ಡ್ರಮ್ ನಿಂತಿತು. ತಿರುಗಿದ. ವೆನಿಂಗ್ ಎದೆ ಹಿಡಿದುಕೊಂಡಿದ್ದಳು. ಕೆಮ್ಮಿದಳು. ಡ್ರಮ್ಮಿನ ಮೇಲೆ ಕೆಂಪು ಕದಡು ನೀರು ಚೆಲ್ಲಿತು. ಮತ್ತೆ ಕೆಮ್ಮಿದಳು. ಮೂಗಿನಿಂದ ನೀರು. ಕಣ್ಣು ಬಿಳುಚಿತು. ಒಣವೇದಿಕೆಯ ಮೇಲೆ, ಸಾವಿರಾರು ಜನರ ಎದುರು, ಹುಡುಗಿ ಮುಳುಗುತ್ತಿದ್ದಳು.

"ಯಾರಾದ್ರೂ ಬನ್ನಿ!" ಎಂದು ಬಾಗಸ್ ಚೀರಿದ. ಹೊರಬಂದದ್ದು ಮುದುಕಿಯ ದನಿ. ಜನ ಇನ್ನಷ್ಟು ನಕ್ಕರು. "ಸಾಯ್ತಿದಾಳೆ!" ಅದೇ ದನಿ. ಸಿಳ್ಳೆ ಬಿತ್ತು. ಯಾರೋ 'ಇನ್ನೊಮ್ಮೆ' ಎಂದರು.

ಓಡಿದ. ಮೆಟ್ಟಿಲು ತಪ್ಪಿದ. ಬಿದ್ದ. ಎದ್ದ. ವೇದಿಕೆಯ ಹಿಂದೆ ಕತ್ತಲು. ಕತ್ತಲಲ್ಲಿ ಸಿಗರೇಟಿನ ಒಂದು ಕೆಂಪು ಚುಕ್ಕೆ.

"ಕಡ್ಡಿ ಕೀಳಿ ಎಂಬಾ! ಕರೀರಿ!"

"ಹೇಗೆ ಕರೀಲಿ?" ಎಂದಿತು ಕತ್ತಲು. ಅದು ಬಾಗಸ್‌ನದೇ ದನಿ. ದ್ವೀಪವೆಲ್ಲ ಹುಚ್ಚೆದ್ದು ಕೇಳುತ್ತಿದ್ದ ಆ ಎಳೆಯ, ಹರಿತ ದನಿ, ಹಲ್ಲಿಲ್ಲದ ಬಾಯಿಂದ. "ಕರೆಯೋ ದನಿ ಈಗ ನಿನ್ನ ಹತ್ರ ಇದೆ. ಕಿತ್ತು ನೀನೇ ಕರಿ, ಹುಡುಗಿ ಉಳೀತಾಳೆ. ಆದ್ರೆ ಆ ದನಿ ನಿಂಗೇ ಅಂಟ್ಕೊಳ್ಳುತ್ತೆ. ಬೇಡ್ವಾ? ಸುಮ್ನೆ ಕೂತಿರು. ಬೆಳಗಾಗೋದ್ರೊಳಗೆ ನಿಂದು ನಿಂಗೆ, ನಂದು ನಂಗೆ. ಅಲ್ಲೀವರೆಗೆ ಅವಳು ಈಜ್ತಾ ಇರ್ಬೇಕು, ಅಷ್ಟೇ."

ಮೇಲೆ ವೇದಿಕೆಯಂಚಿನ ಹಲಗೆಯ ಸಂದಿಯಿಂದ ಕೆಂಪು ನೀರು ತೊಟ್ಟಿಕ್ಕಿತು. ಅವನ ಕೆನ್ನೆಯ ಮೇಲೆ ಬಿತ್ತು. ಬೆಚ್ಚಗಿತ್ತು. ಈರುಳ್ಳಿ ನಾರುತ್ತಿತ್ತು. "ಉಸಿರಾಡೇ, ತಂಗೀ!" ಸೊಜೊ ಅಳುತ್ತಿದ್ದ.

ಬಾಗಸ್ ಕಡ್ಡಿ ಕಿತ್ತ. ಕರೆದ.

ಮೋಡದ ಕೋಣ ಹಗ್ಗ ಹರಿದುಕೊಂಡಿತು. ಮಳೆ ಮೈದಾನಕ್ಕೆ ಅಪ್ಪಳಿಸಿತು. ಜನ ಚದುರಿದರು, ದೀಪಗಳು ಸಿಡಿದವು. ಮೇಲೆ ವೆನಿಂಗ್ ಉದ್ದಕ್ಕೆ ಉಸಿರೆಳೆದುಕೊಂಡ ಸದ್ದು.

ಮುದುಕಿ ಮುಖವೊಡ್ಡಿ, ಬೊಗಸೆ ತುಂಬ ಮಳೆನೀರು ಹಿಡಿದು ಗಟಗಟ ಕುಡಿದಳು.

"ಮತ್ತೆ... ಯಾಕೆ ಬೇಡ ಅಂದ್ರಿ?" ಎಂದ ಬಾಗಸ್, ಕೊಡ ಉಜ್ಜುವ ದನಿಯಲ್ಲಿ.

"ಬೇಡ ಅನ್ನದಿದ್ರೆ ನೀನು ಮಾಡ್ತಿದ್ಯಾ, ಮಂಗನ ಮಗನೇ?" ಎಂದು ಅವನ ದನಿಯಲ್ಲೇ ನಕ್ಕು, ಹಾಡಿಕೊಳ್ಳುತ್ತ ಮಳೆಯೊಳಗೆ ನಡೆದುಹೋದಳು.

ಗ್ಲುದುಗ್ ಒಡೆದದ್ದೇಕೆಂದು ಪತ್ರಿಕೆಗಳು ಬಗೆಬಗೆಯಾಗಿ ಬರೆದವು. ದುಡ್ಡು ಎಂದರು, ಜಂಬ ಎಂದರು, ಹೆಣ್ಣು ಎಂದರು. ಆ ಬಳಿಕ ಮೂವರೂ ಒಮ್ಮೆ ಮಾತ್ರ ಸೇರಿದ್ದರು. ಬಾಗಸ್ 'ಹೇಗಿದೀಯ ವೆನಿಂಗ್' ಎಂದ. ಅಷ್ಟಕ್ಕೇ ಅವಳು ಕೆಮ್ಮತೊಡಗಿದಳು. ಸೊಜೊ ಬಾಗಿಲು ತೆರೆದು ನಿಂತ. ಬಾಗಸ್ ಹೊರನಡೆದ.

ಈಗ ಸೋಲೊ ನಗರದ ಕಡೆಯ ಮೈದಾನಗಳಲ್ಲಿ, ವೇದಿಕೆಯ ಹಿಂದೆ ಗಡ್ಡದವನೊಬ್ಬ ಕೂತಿರುತ್ತಾನೆ. ವಾಸನೆ ಒಂದು ಮಾರು ಮುಂದಿರುತ್ತದೆ. ಮೊನ್ನೆ ಹೊಸ ತಂಡದ ಗಾಯಕಿಯೊಬ್ಬಳು ತನ್ನ ವ್ಯವಸ್ಥಾಪಕನ ದನಿಯನ್ನು ಹುಬೇಹೂಬು ಅಣಕಿಸಿ ಎಲ್ಲರನ್ನೂ ನಗಿಸುತ್ತಿದ್ದಳು. ಅವನು ಬಹಳ ಹೊತ್ತು ಕೇಳಿಸಿಕೊಂಡ. ಒಣಗಿದ ತುಟಿ ನೆಕ್ಕಿಕೊಂಡ. ಕಡ್ಡಿಗೆ ಮೆಣಸಿನಕಾಯಿ ಪೋಣಿಸುತ್ತ ಅವಳನ್ನು ಹತ್ತಿರ ಕರೆದ.

"ನಗಾಡಮ್ಮಾ, ಕುಣಿ. ನನ್ನ ದನಿಯಲ್ಲಿ ಮಾತ್ರ ಮಳೆ ಕರೀಬೇಡ."